ಬನಿಯನ್ ಬಿಚ್ಚಿದ ನೂಲು

ಹೆಣಿಗೆ ಕಂಡರೆ ನನಗೆ ಆಗುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಹೆಂಗಸು ಕುಳಿತು ಮೊಮ್ಮಗುವಿಗೆ ಕುಲಾವಿ ಹೆಣೆಯುತ್ತಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತೇನೆ. ಕಡ್ಡಿಗೆ ಕಡ್ಡಿ ತಾಗುವ ಆ ಸಣ್ಣ ಸದ್ದು ಕಿವಿಗೆ ಬಿದ್ದರೆ ಸಾಕು, ನನ್ನ ಹೆಬ್ಬೆರಳ ಬುಡ ನೋಯಲು ತೊಡಗುತ್ತದೆ. ಪಾಪ, ಆ ಹೆಂಗಸಿನ ತಪ್ಪೇನೂ ಇರುವುದಿಲ್ಲ. ಒಂದು ಬೇಸಿಗೆಯಲ್ಲಿ ನಾನು ಹೆಣೆದದ್ದೇ ಈ ಜನ್ಮಕ್ಕೆ ಸಾಕಾಗಿದೆ, ಅಷ್ಟೇ.

ನಮ್ಮ ಮನೆಯವರು ಕೊಟ್ಟೂರಿನಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದರು. ಒಂದೊಂದು ಓಣಿಯ ತಲೆಗೂ ನೆಲದಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ವಾಲ್ವು. ಚಾವಿ ಇಳಿಸಿ ತಿರುಗಿಸಿದರೆ ಆ ಓಣಿಗೆ ನೀರು. ಹೊತ್ತು ಮುಗಿದ ಮೇಲೆ ಮತ್ತೆ ಹೋಗಿ ಮುಚ್ಚಬೇಕು. ಹೀಗೆ ಊರನ್ನೆಲ್ಲ ಎರಡು ಸಲ ಸುತ್ತಿ ಮನೆಗೆ ಬರುವಾಗ ಹತ್ತು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಊರಿನವರಿಗೆ ಅವರ ಮುಖಕ್ಕಿಂತ ಆ ಚಾವಿಯ ಗುರುತೇ ಹೆಚ್ಚು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಗುಂಡಿಯ ಮೇಲಿನ ಕಲ್ಲುಚಪ್ಪಡಿ ಜಾರಿ ಅವರ ಎಡಪಾದದ ಮೇಲೆ ಬಿತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಾದದ್ದೇ ಆ ಗಾಯ ಮಾಯದಿದ್ದಾಗ. ಅರಿಶಿನ ಹಚ್ಚಿದೆವು, ಬೇವಿನ ನೀರಿನಲ್ಲಿ ತೊಳೆದೆವು, ನಾಳೆ ಕಡಿಮೆಯಾಗುತ್ತದೆ ಎಂದು ದಿನ ದೂಡಿದೆವು. ಕೊನೆಗೆ ದಾವಣಗೆರೆಗೆ ಹೊತ್ತುಕೊಂಡು ಹೋದಾಗ ಪಾದ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಒಂದು ಗೇಣು ಉಳಿಸಿ ಮಿಕ್ಕಿದ್ದನ್ನು ತೆಗೆದರು.

ಬಿಡುಗಡೆಯ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮೊಣಕಾಲು ಉಳಿಸಿದೀವಮ್ಮ. ಮುಂದೆ ರಬ್ಬರ್ ಕಾಲು ಹಾಕ್ಕೊಂಡು ಅಡ್ಡಾಡಬಹುದು. ಆದ್ರೆ ಆ ಮೋಟಿನ ಮೇಲೆ ಗುಳ್ಳೆ ಏಳಬಾರದು. ಎದ್ದು ಕೀವಾಯ್ತು ಅಂದ್ರೆ ಮೊಣಕಾಲೂ ಹೋಗುತ್ತೆ, ತಿಳೀತಾ?" ಎಂದರು. ತಿಳಿಯಿತು ಎಂದೆ. ಮನೆಯವರಿಗೆ ಅದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಚಾವಿ ಯಾರ ಹತ್ರ ಐತಿ?"

ಹರಪನಹಳ್ಳಿಯ ಒಂದು ಕಲ್ಯಾಣಮಂಟಪದಲ್ಲಿ ಕೃತಕ ಕಾಲಿನ ಶಿಬಿರ ನಡೆದಾಗ ಹೋಗಿ ಅಳತೆ ಕೊಟ್ಟು ಕಾಲು ತಂದೆವು. ಕಾಲಿನ ಜೊತೆ ಮೋಟಿಗೆ ಹಾಕಲು ಎರಡು ಕಾಲುಚೀಲ ಕೊಟ್ಟರು, ನೈಲಾನಿನವು. ಪಂಚಾಯಿತಿಯ ಸಾಹೇಬರ ಮುಂದೆ ಅದೇ ಕಾಲಲ್ಲಿ ಹೋಗಿ ನಿಂತೆವು. ಅವರು ಕೆಟ್ಟವರಲ್ಲ. ಕುರ್ಚಿ ಹಾಕಿಸಿ ಕೂರಿಸಿಯೇ ಮಾತಾಡಿದರು.

"ನನಗ ಮನಸಿಲ್ಲ ಅಂತಲ್ಲರಿ. ಆದ್ರ ನೀರು ಬರಲಿಲ್ಲ ಅಂದ್ರ ಜನ ನನ್ನ ಬಾಗಲಿಗೆ ಬರ್ತಾರ. ಈ ಬ್ಯಾಸಗಿ ಒಂದು ನಡದು ತೋರಸ್ರಿ. ಆತು ಅಂದ್ರ ನಿಮ್ಮ ಕೆಲಸ ನಿಮಗ. ಆಗಲಿಲ್ಲ ಅಂದ್ರ ನಾ ಬ್ಯಾರೆಯವರನ್ನ ನೋಡಬೇಕಾಗ್ತೈತಿ."

ಹೀಗೆ ಅವರ ಕೆಲಸವೂ ಮೊಣಕಾಲೂ ಒಂದು ಕಾಲುಚೀಲದ ಮೇಲೆ ನಿಂತವು. ಆಗ ನನಗೆ ಅದು ಹೊಳೆದಿರಲಿಲ್ಲ.

ನಮ್ಮ ಕಡೆಯ ಬೇಸಿಗೆಯನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಯುಗಾದಿ ಕಳೆದರೆ ಬೆಳಗಿನ ಎಂಟಕ್ಕೇ ಗೋಡೆ ಮುಟ್ಟಲಾಗುವುದಿಲ್ಲ. ಮೊದಲ ದಿನ ಸುತ್ತು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಕಾಲು ಬಿಚ್ಚಿದರೆ, ಒಳಗಿನಿಂದ ಬೆವರು ಸುರಿಯಿತು. ಉತ್ಪ್ರೇಕ್ಷೆಯಲ್ಲ, ಸುರಿದೇ ಸುರಿಯಿತು. ನೈಲಾನಿಗೆ ನೀರು ಕುಡಿಯುವ ಗುಣವೇ ಇಲ್ಲ. ಚರ್ಮ ನೆನೆದು ಬೆಳ್ಳಗೆ ಸುಕ್ಕಾಗಿತ್ತು, ಬಟ್ಟೆ ಒಗೆದ ಕೈಯಂತೆ. ಮೂರನೆಯ ದಿನ ಎಲುಬಿನ ತುದಿಯಲ್ಲಿ ಕಾಸಿನಗಲ ಕೆಂಪಾಯಿತು. ನನಗೆ ಡಾಕ್ಟರ ಮಾತು ನೆನಪಾಯಿತು.

ಹೈಸ್ಕೂಲಿನಲ್ಲಿ ಕಲಿತ ಹೆಣಿಗೆ ಇತ್ತಲ್ಲ, ನಾನೇ ಹೆಣೆಯುತ್ತೇನೆ ಎಂದು ಹೊರಟೆ. ಹಡಗಲಿಗೆ ಹೋದಾಗ ಒಂದು ಅಂಗಡಿಯಲ್ಲಿ ಮೆತ್ತಗಿರುವ ಉಲ್ಲನ್ ತಂದೆ. ಉಲ್ಲನ್ ಎಂದು ನಾವು ಕರೆಯುತ್ತಿದ್ದೆವೇ ಹೊರತು ಅದು ಕುರಿಯ ಮುಖ ಕಂಡದ್ದಲ್ಲ, ಅದೂ ಪ್ಲಾಸ್ಟಿಕ್ಕಿನ ಸೋದರಸಂಬಂಧಿಯೇ. ಅದನ್ನು ಹಾಕಿಕೊಂಡು ಹೋದವರು ಅರ್ಧ ಸುತ್ತಿಗೇ ವಾಪಸ್ಸು ಬಂದರು. "ಒಲಿಯಾಗ ಕಾಲಿಟ್ಟಂಗ ಆಗ್ತೈತಿ" ಎಂದು ಅಷ್ಟೇ ಹೇಳಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಉಳಿದರ್ಧ ಊರಿಗೆ ಅವತ್ತು ನೀರು ಹೋಗಲಿಲ್ಲ.

ಅವರು ಹಾಗೆ ಒರಗಿದ್ದಾಗ ನಾನು ಅವರ ಮೈಮೇಲಿನ ಬನಿಯನ್ ನೋಡಿದೆ. ಬೆನ್ನು ಪೂರಾ ತೊಯ್ದಿತ್ತು. ಆದರೆ ಕಿಟಕಿಯ ಗಾಳಿ ಬಿದ್ದ ಜಾಗದಲ್ಲಿ ಮುಟ್ಟಿದರೆ ತಣ್ಣಗಿತ್ತು. ವರ್ಷಗಟ್ಟಲೆ ನಾನೇ ಒಗೆದು ಒಗೆದು ಜೋಳದ ಹಿಟ್ಟಿನಂತೆ ಮೆತ್ತಗಾದ ಹತ್ತಿ. ಬೆವರು ಕುಡಿಯುತ್ತದೆ, ಹೊರಗೆ ಬಿಡುತ್ತದೆ, ಒಣಗುತ್ತದೆ. ಇಷ್ಟು ಕಣ್ಣೆದುರಿಗಿದ್ದೂ ನಾನು ಹಡಗಲಿಗೆ ಹೋಗಿ ಬಂದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮೊದಲು ಬನಿಯನ್ನನ್ನೇ ಕತ್ತರಿಸಿ ಸುತ್ತಿ ನೋಡಿದೆ. ಮಡಿಕೆ ಬಿದ್ದಲ್ಲಿ ಚರ್ಮದ ಮೇಲೆ ಗೆರೆ ಮೂಡಿತು. ಚೀಲದ ಹಾಗೆ ಹೊಲಿದೆ, ಹೊಲಿಗೆ ಒತ್ತಿತು. ಹೊಲಿಗೆಯೂ ಇರಬಾರದು, ಮಡಿಕೆಯೂ ಇರಬಾರದು ಎಂದರೆ ಸುತ್ತುಸುತ್ತಾಗಿ ಹೆಣೆದು ತುದಿಯಲ್ಲಿ ಮುಚ್ಚಬೇಕು. ಹೆಣೆಯಲು ಹತ್ತಿಯ ನೂಲೇ ಎಲ್ಲೂ ಸಿಗಲಿಲ್ಲ. ಹತ್ತಿ ಬೆಳೆಯುವ ಸೀಮೆಯಲ್ಲಿ ಕೂತು ಒಂದು ಉಂಡೆ ಹತ್ತಿಯ ನೂಲಿಗಾಗಿ ಅಂಗಡಿ ಅಂಗಡಿ ತಿರುಗಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಅಂಗಡಿಯವನು ದೀಪದ ಬತ್ತಿಯ ಕಟ್ಟು ತೋರಿಸಿ, "ಇದರಾಗ ಹೆಣಿತೀರೇನ್ರಿ?" ಎಂದು ನಕ್ಕ. ಅವನ ನಗು ನನಗೆ ಹಿಡಿಸಲಿಲ್ಲ.

ನೂಲು ಬನಿಯನ್ನಿನಲ್ಲೇ ಇತ್ತು. ಕಂಕುಳ ಕೆಳಗಿನ ಭಾಗ ಒಂದೇ ಕೊಳವೆ, ಹೊಲಿಗೆ ಇರುವುದಿಲ್ಲ. ಸರಿಯಾದ ಕಡೆಯಿಂದ ಎಳೆದರೆ ಸುತ್ತುಸುತ್ತಾಗಿ ಬಿಚ್ಚಿಕೊಂಡು ಬರುತ್ತದೆ, ತಪ್ಪು ಕಡೆಯಿಂದ ಎಳೆದರೆ ಬರೀ ಗಂಟು. ಕೆಲವಕ್ಕೆ ನಾಲ್ಕೈದು ಎಳೆ ಒಟ್ಟಿಗೇ ಬರುತ್ತಿದ್ದವು. ಬಂದ ನೂಲು ಗುಂಗುರು ಗುಂಗುರು. ಅದನ್ನು ತೋಯಿಸಿ, ಕುದಿಯುವ ನೀರು ತುಂಬಿದ ಚೊಂಬಿನ ಸುತ್ತ ಸುತ್ತಿಟ್ಟರೆ ಆರುವ ಹೊತ್ತಿಗೆ ನೆಟ್ಟಗಾಗುತ್ತಿತ್ತು. ತೀರ ಹಳೆಯ ಬನಿಯನ್ನಿನ ಬೆನ್ನಿನಲ್ಲಿ ನೂಲು ಬೆವರಿಗೆ ಸತ್ತಿರುತ್ತಿತ್ತು, ಮುಟ್ಟಿದರೆ ತುಂಡು. ಒಂದು ಕಾಲುಚೀಲಕ್ಕೆ ಮೂರು ಬನಿಯನ್ ಬೇಕಾಯಿತು.

ಕಡ್ಡಿ ಕೊಟ್ಟದ್ದು ಸೈಕಲ್ ಅಂಗಡಿಯವರು. ನಾಲ್ಕು ಸ್ಪೋಕು ತೆಗೆದು, ಎರಡೂ ತುದಿ ಅರದಿಂದ ಉಜ್ಜಿ ನುಣುಪು ಮಾಡಿ ಕೊಟ್ಟರು. ಗ್ರೀಸು ಒರೆಸಲು ಅವರು ಇಟ್ಟುಕೊಂಡಿದ್ದ ಹಳೆಯ ಬನಿಯನ್ನುಗಳನ್ನೂ ನಾನು ಬಿಡಲಿಲ್ಲ. "ಅಕ್ಕಾರ, ಇನ್ನ ನಾ ಕೈ ಎದಕ್ಕ ಒರಸಲಿ?" ಎಂದರು. ತೆಲಿಗಿಯಲ್ಲಿದ್ದ ನನ್ನ ನಾದಿನಿ, ಎಂದರೆ ಮನೆಯವರ ತಂಗಿ, ತನ್ನ ಗಂಡನವು, ಮೈದುನರವು ಎಲ್ಲ ಸೇರಿಸಿ ಗಂಟು ಕಟ್ಟಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದಳು. ಒಮ್ಮೆ ಗಂಟಿನಲ್ಲಿ ಹೊಸದೇ ಒಂದು ಬಂದುಬಿಟ್ಟಿತ್ತು. ಅದನ್ನು ಕಳೆದುಕೊಂಡ ಅವಳ ಮೈದುನ ಇಂದಿಗೂ ಆಡಿಕೊಳ್ಳುತ್ತಾನೆ.

ಹೊಸ ಬನಿಯನ್ನಿನ ನೂಲು ಬೆವರು ಕುಡಿಯುವುದಿಲ್ಲ ಎಂಬುದು ನನಗೆ ಹಾಗೆಯೇ ತಿಳಿಯಿತು. ಅದನ್ನು ಎರಡು ಮೂರು ಸಲ ಕುದಿಸಿದ ಮೇಲೆಯೇ ಅದಕ್ಕೆ ಬಾಯಾರಿಕೆ ಬರುತ್ತದೆ. ಬಿಗಿಯಾಗಿ ಹೆಣೆದರೆ ಸೆಕೆ, ಸಡಿಲವಾಗಿ ಹೆಣೆದರೆ ಕುಣಿಕೆಗಳ ಅಚ್ಚು ಚರ್ಮದ ಮೇಲೆ ಬೀಳುತ್ತದೆ. ನಡುವಿನ ಹದ ಕೈಗೆ ಹತ್ತಲು ಐದು ಕಾಲುಚೀಲ ಹೆಣೆದು ಬಿಚ್ಚಬೇಕಾಯಿತು. ಆರನೆಯದನ್ನು ಹಾಕಿಕೊಂಡು ಹೋದವರು ಪೂರಾ ಸುತ್ತು ಮುಗಿಸಿ ಬಂದರು. ಬಿಚ್ಚಿದಾಗ ಚೀಲ ತೊಯ್ದಿತ್ತು, ಚರ್ಮ ಒಣಗಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. "ಅಳೂದ್ಯಾಕ, ಒಣಗೇತಲ್ಲ" ಎಂದರು ಅವರು.

ಆಮೇಲೆ ಒಂದೂವರೆ ತಿಂಗಳು ಚೆನ್ನಾಗಿ ನಡೆಯಿತು. ದಿನಕ್ಕೆ ಎರಡು ಚೀಲ ಬೇಕು, ಅರ್ಧ ಸುತ್ತಿಗೆ ಒಂದು ಬದಲಿಸಬೇಕು, ದಿನವೂ ಒಗೆಯಬೇಕು. ಹತ್ತಿ ಬೇಗ ಸವೆಯುತ್ತದೆ, ಆದ್ದರಿಂದ ಒಂದು ಮುಗಿಯುವ ಮೊದಲೇ ಇನ್ನೊಂದು ಕಡ್ಡಿಯ ಮೇಲಿರಬೇಕು. ರೊಟ್ಟಿ ಬಡಿಯುವುದು, ಬನಿಯನ್ ಬಿಚ್ಚುವುದು, ಹೆಣೆಯುವುದು, ಒಗೆಯುವುದು. ಕನ್ನಡಿ ನೋಡಿಕೊಳ್ಳಲೂ ಪುರಸೊತ್ತಿರಲಿಲ್ಲ. ದಣಿವು ಎಂದು ಬಾಯಿಬಿಟ್ಟು ಹೇಳಲು ನಾಚಿಕೆ, ಏಕೆಂದರೆ ಒಂಟಿಗಾಲಲ್ಲಿ ಊರು ಸುತ್ತುವವರು ಅವರು.

ಬೇಸಿಗೆಯ ಕೊನೆಗೆ ಸಾಹೇಬರು, "ಸೋಮವಾರ ನಾನೂ ನಿಮ್ಮ ಜೋಡಿ ಒಂದು ಸುತ್ತು ಬರ್ತೀನಿ" ಎಂದು ಹೇಳಿಕಳಿಸಿದರು. ಅವತ್ತು ತೀರ್ಮಾನ.

ನನ್ನ ತವರು ಉಜ್ಜಿನಿ. ನಮ್ಮ ಮನೆಯಲ್ಲಿ ಬಿಳಿ ಬಟ್ಟೆಯೆಂದರೆ ಗಂಜಿ ಮತ್ತು ನೀಲಿ. ಗಂಜಿ ಹಾಕದ ಬಿಳಿ ಬಟ್ಟೆ ಸೂತಕದ ಮನೆಯ ಬಟ್ಟೆ ಎನ್ನುತ್ತಿದ್ದಳು ನನ್ನ ಅವ್ವ. ಅಪ್ಪ ಬಾಗಿಲು ದಾಟುವಾಗ ಅವರ ಧೋತರ ಸರಸರ ಸದ್ದು ಮಾಡದಿದ್ದರೆ ಅವಳಿಗೆ ಅವಮಾನ. ನಾನೂ ಅವಳ ಮಗಳೇ. ಆ ಸೋಮವಾರಕ್ಕೆಂದು ಮೂರು ದಿನ ಕೂತು ಹೊಸ ಕಾಲುಚೀಲ ಹೆಣೆದೆ. ಅವರ ಧೋತರ, ಅಂಗಿಗಳ ಜೊತೆಗೆ ಅದನ್ನೂ ಅನ್ನ ಬಸಿದ ಗಂಜಿಯಲ್ಲಿ ಅದ್ದಿ, ನೀಲಿ ಹಾಕಿ, ಬಿಸಿಲಿಗೆ ಒಣಗಿಸಿ, ಚೊಂಬಿನಲ್ಲಿ ಕೆಂಡ ತುಂಬಿ ತೀಡಿದೆ. ಮಲ್ಲಿಗೆಯಂತೆ ಬೆಳ್ಳಗಾಯಿತು. ನೆಲದ ಮೇಲಿಟ್ಟರೆ ತಾನೇ ನಿಲ್ಲುತ್ತಿತ್ತು. ಅದು ನಿಂತದ್ದು ನೋಡಿ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಸೋಮವಾರ ಬೆಳಿಗ್ಗೆ ಅದನ್ನು ಮೋಟಿಗೆ ಏರಿಸಿಕೊಳ್ಳುವಾಗ ಅವರು ಒಂದು ಕ್ಷಣ ನಿಂತರು. "ಹೆಂಗೈತ್ರಿ?" ಎಂದೆ. "ಚಲೋ ಐತಿ" ಎಂದರು. ಸಾಹೇಬರು ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ, ಇವರು ಚಾವಿ ಹೊತ್ತು ಮುಂದೆ. ಅರ್ಧಕ್ಕೆ ಬದಲಿಸಲೆಂದು ಕೊಟ್ಟಿದ್ದ ಇನ್ನೊಂದು ಚೀಲ ಅಂಗಿಯ ಜೇಬಿನಲ್ಲೇ ಉಳಿಯಿತು. ಸಾಹೇಬರ ಮುಂದೆ ಕೂತು ಕಾಲು ಬಿಚ್ಚುವುದು ಹೇಗೆ ಎಂದುಕೊಂಡರಂತೆ.

ಹತ್ತೂವರೆಗೆ ಇಬ್ಬರೂ ಬಂದರು. ಸಾಹೇಬರು ನನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದು, "ಸೋತೆ ನಾನು. ನಿಮ್ಮ ಕೆಲಸ ನಿಮಗರಿ, ಇನ್ನ ಯಾರೂ ಕೇಳಂಗಿಲ್ಲ" ಎಂದು ಹೋದರು. ನಾನು ಖುಷಿಯಲ್ಲಿ ಬಾಗಿಲವರೆಗೂ ಹೋಗಿ ಕೈ ಮುಗಿದೆ. ಮನೆಯವರ ಮುಖ ಮಾತ್ರ ಬೂದಿ ಬಣ್ಣವಾಗಿತ್ತು.

ಕಾಲು ಬಿಚ್ಚಿದೆ. ಚೀಲ ಬರಲಿಲ್ಲ. ಗಂಜಿ ಕುಣಿಕೆಗಳ ಸಂದನ್ನೆಲ್ಲ ಮುಚ್ಚಿ, ಬೆವರಿಗೆ ಕರಗಿ ಅಂಟಾಗಿ, ಬಿಸಿಗೆ ಮತ್ತೆ ಒಣಗಿ, ಉಸುಕಿನ ಕಾಗದದ ಹಾಗೆ ಉಜ್ಜಿತ್ತು. ನೀರು ಹನಿಸಿ ಹನಿಸಿ ಬಿಡಿಸಿದೆ. ಬಿಡಿಸಿದಷ್ಟೂ ಚರ್ಮ ಅದರ ಜೊತೆಗೇ ಬಂತು. ಅವರು ಅಮ್ಮಾ ಎನ್ನಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. "ನಡುದಾರ್‍ಯಾಗ ನಿಂದ್ರಾಕ ಏನಾಗಿತ್ತು ನಿಮಗ? ಬಾಯಿ ಇರಲಿಲ್ಲೇನು?" ಎಂದು ಕೂಗಾಡಿದೆ. ಬೈಯುತ್ತಿದ್ದದ್ದು ಅವರನ್ನಲ್ಲ ಎಂದು ಅವರಿಗೂ ಗೊತ್ತಿತ್ತು.

ಇನ್ನು ಮೂರು ತಿಂಗಳು ಕಾಲು ಹಾಕುವಂತಿರಲಿಲ್ಲ. ಕೆಲಸ ನಿಮ್ಮದೇ ಎಂದು ಸಾಹೇಬರು ಹೇಳಿ ಹೋದ ಮರುದಿನವೇ ಊರಿಗೆ ನೀರು ಬಿಡುವವರಿಲ್ಲ. ನಾನು ಚಾವಿ ಎತ್ತಿಕೊಂಡೆ. ಅವರು ಬಳಪದಿಂದ ನೆಲದ ಮೇಲೆ ಊರನ್ನೇ ಬರೆದು ತೋರಿಸಿದರು. ಯಾವ ಗುಂಡಿ, ಎಡಕ್ಕೆ ಎಷ್ಟು ಸುತ್ತು, ಯಾವ ವಾಲ್ವು ಒದ್ದರೆ ಮಾತ್ರ ತಿರುಗುತ್ತದೆ, ಎಲ್ಲ. ಮೊದಲ ವಾರ ಕಟ್ಟೆಯ ಮೇಲೆ ಕೂತವರು ಕಿಸಕ್ಕೆಂದು ನಕ್ಕರು. ಕೊಡ ತುಂಬುತ್ತಲೇ ನಗು ನಿಂತಿತು. ಸಾಹೇಬರು ಹತ್ತು ದಿನ ನೋಡಿಯೂ ನೋಡದಂತಿದ್ದರು. ಆಮೇಲೆ ಒಂದು ದಿನ ಎದುರಾಗಿ, "ನನ್ನ ಬಾಗಲಿಗೆ ಯಾರೂ ಬಂದಿಲ್ಲ. ನಡೀಲಿ ಬಿಡ್ರವ್ವ" ಎಂದರು. ನಡೆಯಿತು. ಮೂರು ತಿಂಗಳಿಗೆಂದು ಎತ್ತಿಕೊಂಡ ಚಾವಿ ಹದಿಮೂರು ವರ್ಷ ನನ್ನ ಹೆಗಲ ಮೇಲಿತ್ತು.

ಅವರ ಮೊಣಕಾಲು ಉಳಿಯಿತು. ಆದರೆ ಮಾಯ್ದ ಚರ್ಮ ತೆಳ್ಳಗಾಗಿತ್ತು. ದಿನಕ್ಕೆ ಒಂದೆರಡು ತಾಸಿಗಿಂತ ಹೆಚ್ಚು ಕಾಲು ಹಾಕಲಾಗಲಿಲ್ಲ. ಹಿತ್ತಲಿಗೆ, ಚಹಾದಂಗಡಿಗೆ, ಅಷ್ಟೇ. ಕೂತು ಕೂತು ಬೇಸತ್ತು ಒಂದು ದಿನ, "ಆ ಕಡ್ಡಿ ಕೊಡಿಲ್ಲಿ" ಎಂದರು. ವಾಲ್ವು ತಿರುಗಿಸಿದ ದಪ್ಪ ಬೆರಳುಗಳು. ಮೊದಮೊದಲು ಕುಣಿಕೆ ಬಿಗಿದು ಕಡ್ಡಿಯೇ ಹೊರಬರುತ್ತಿರಲಿಲ್ಲ. ಆರು ತಿಂಗಳಲ್ಲಿ ನನಗಿಂತ ಒಪ್ಪವಾಗಿ ಹೆಣೆಯತೊಡಗಿದರು. ನಾನು ಬಿಡುಗಡೆ ಸಿಕ್ಕಿತು ಎಂದು ಹೆಣಿಗೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಅವರು ಹಾಗೆ ಕೂತು ಹೆಣೆಯುತ್ತಿದ್ದಾಗ ಒಮ್ಮೆ ಕೇಳಿದೆ, "ಅವತ್ತು ಹಾಕ್ಕೊಳ್ಳುವಾಗ ಗೊತ್ತಾಗಲಿಲ್ಲೇನ್ರಿ?"

"ಗೊತ್ತಾತು. ಹಲಗಿ ಇದ್ದಂಗಿತ್ತು."

"ಮತ್ತ?"

"ಮೂರು ದಿನ ಕುಂತು ಹೆಣದಿದ್ದಿ. ಕೆಂಡದ ಚೊಂಬು ಹಿಡದು ತೀಡಿದ್ದಿ. ಬ್ಯಾಡ ಅನ್ನಾಕ ಮನಸಾಗಲಿಲ್ಲ."

ಎದ್ದು ಒಳಗೆ ಹೋದೆ. ಅವರು ಬಾಯಿ ಬಿಟ್ಟಿದ್ದರೆ ನನಗೆ ಐದು ನಿಮಿಷ ಸಿಟ್ಟು ಬರುತ್ತಿತ್ತು, ಅಷ್ಟೇ. ಸುಮ್ಮನಿದ್ದುದಕ್ಕೆ ಅವರ ನಡಿಗೆ ಹೋಯಿತು, ನನಗೆ ಚಾವಿ ಬಂತು.

ಗುಂಡಿಗಳಲ್ಲಿ ನಿಂತ ನೀರಿಗೆ ಇಳಿದು ಇಳಿದು ಚಳಿಗಾಲದಲ್ಲಿ ನನ್ನ ಹಿಮ್ಮಡಿ ಒಡೆಯುತ್ತಿತ್ತು. ರಕ್ತ ಬರುತ್ತಿತ್ತು. ಒಂದು ಕಾರ್ತೀಕದಲ್ಲಿ ಅವರು ನನಗೆಂದು ಒಂದು ಜೊತೆ ಕಾಲುಚೀಲ ಹೆಣೆದು ಮುಂದಿಟ್ಟರು. ಹತ್ತಾರು ಸಲ ಒಗೆದ ಮೆತ್ತನೆಯ ನೂಲು, ಒಂದು ಹನಿ ಗಂಜಿಯಿಲ್ಲ. ನಾನು ಹಾಕಿ ನೋಡಲೂ ಇಲ್ಲ. "ಕಾಲುಂಗರಕ್ಕ ಸಿಕ್ಕು ಹರೀತಾವ ಇವು" ಎಂದುಬಿಟ್ಟೆ. ಅವರು ವಾಪಸ್ಸು ತೆಗೆದುಕೊಂಡರು. ಎರಡು ದಿನ ಬಿಟ್ಟು ಮತ್ತೆ ಮುಂದಿಟ್ಟರು. ಬೆರಳಿನ ಕಡೆ ಬಿಚ್ಚಿ, ಉಂಗುರದ ಬೆರಳು ಹೊರಗೆ ಬರುವಂತೆ ಒಂದು ಕಿಂಡಿ ಬಿಟ್ಟು, ಅಂಚು ಕಟ್ಟಿ ಪುನಃ ಹೆಣೆದಿದ್ದರು. "ಈಗ ಸಿಗಂಗಿಲ್ಲ" ಎಂದರು.

ನಾನು ಆಗಲೂ ಹಾಕಲಿಲ್ಲ. ಸೀರೆ ಉಟ್ಟು ಕಾಲುಚೀಲ ಹಾಕಿ ಚಾವಿ ಹೊತ್ತರೆ ಮತ್ತೆ ಕಟ್ಟೆಯವರು ನಗುತ್ತಾರೆ ಎಂಬ ಭಯ. ಜೊತೆಗೆ ನನಗೆ ಯಾವಾಗಲೂ ದಣಿವು, ಯಾವಾಗಲೂ ಸಿಡುಕು. "ಆಮ್ಯಾಲ ನೋಡೂಣಂತ" ಎಂದು ಟ್ರಂಕಿನಲ್ಲಿ ಹಾಕಿದೆ. ಅವರು ಆ ಮಾತು ಮತ್ತೆ ಎತ್ತಲಿಲ್ಲ. ನಾನು ಮಾಡಿದ ತಪ್ಪನ್ನು ಅವರು ಚಲೋ ಐತಿ ಎಂದು ತೊಟ್ಟು ಊರು ಸುತ್ತಿದ್ದರು. ಅವರು ಒಪ್ಪವಾಗಿ ಮಾಡಿಕೊಟ್ಟದ್ದನ್ನು ನಾನು ಒಂದು ಸಲ ಕಾಲಿಗೆ ಏರಿಸಿ ತೋರಿಸಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಿಗೆ ಸಕ್ಕರೆ ಕಾಯಿಲೆ ಅವರ ಮೂತ್ರಪಿಂಡಕ್ಕೆ ಇಳಿಯಿತು. ಎರಡು ತಿಂಗಳು ಮಲಗಿ ತೀರಿಕೊಂಡರು. ತೆಲಿಗಿಯ ನಾದಿನಿ ಬಂದು, ಹೆಂಗಸರ ನಡುವೆ ನನ್ನನ್ನು ಕೂರಿಸಿ ಬಳೆ, ಕಾಲುಂಗುರ ತೆಗೆದಳು. ಬೆರಳು ದಪ್ಪಗಾಗಿ ಉಂಗುರ ಬರಲಿಲ್ಲ. ಸಾಬೂನು ಹಚ್ಚಿ ಎಳೆದಳು. ಎಳೆಯುತ್ತ ಅವಳೇ ಹೆಚ್ಚು ಅತ್ತಳು. ಹದಿನೈದು ದಿನ ಬಿಟ್ಟು ನಾನು ಮತ್ತೆ ಚಾವಿ ಎತ್ತಿಕೊಂಡೆ, ನೀರು ಬಿಡಲೇಬೇಕಲ್ಲ.

ಆ ಚಳಿಗಾಲದ ಒಂದು ಬೆಳಗಿನ ಜಾವ ಹಿಮ್ಮಡಿ ನೆಲಕ್ಕೆ ಊರಲಾಗದೆ ಟ್ರಂಕು ತೆರೆದೆ. ಕಾಲುಚೀಲ ಹಾಗೇ ಇದ್ದವು. ಹಾಕಿಕೊಂಡೆ. ಅಳತೆ ತೆಗೆದುಕೊಂಡಿರಲಿಲ್ಲ ಅವರು, ಆದರೂ ಹಿಮ್ಮಡಿಗೆ ಹಿಮ್ಮಡಿ ಸರಿಯಾಗಿ ಕೂತಿತು. ಪಟ್ಟಿಯ ರಬ್ಬರ್ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಪಾದವೆಲ್ಲ ಬೆಚ್ಚಗಿತ್ತು. ಉಂಗುರದ ಬೆರಳೊಂದು ಕಿಂಡಿಯಿಂದ ಹೊರಗೆ ಚಾಚಿ ಬರಿದಾಗಿ ನಿಂತಿತ್ತು, ಅದಕ್ಕೆ ಮಾತ್ರ ಚಳಿ ಹತ್ತಿತು. ಸ್ಪೋಕಿನ ಕಡ್ಡಿಗಳು ಇನ್ನೂ ಗೂಡಿನಲ್ಲಿದ್ದವು, ನೂಲೂ ಇತ್ತು, ಆ ಕಿಂಡಿ ಮುಚ್ಚುವುದು ಅರ್ಧ ತಾಸಿನ ಕೆಲಸ. ನಾನು ಮುಚ್ಚಲಿಲ್ಲ. ಚಾವಿ ಹೆಗಲಿಗೇರಿಸಿ ಮೊದಲ ಗುಂಡಿಯ ಕಡೆ ನಡೆದೆ.